ದಿನಕ್ಕೆ ಎಷ್ಟು ಕಿಲೋಮೀಟರ್? ಸಣ್ಣ ಪಿಕಪ್‌ಗೆ ಬ್ಯಾಟರಿನಾ, ಹೈಬ್ರಿಡ್ಡಾ

ಹೋದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಹಳೇ ಗಾಡಿ ಇನ್ನು ಆಗಲ್ಲ. ಬ್ಯಾಟರಿ ಗಾಡಿ ತಗೊಳ್ಳಲಾ, ಹೈಬ್ರಿಡ್ ತಗೊಳ್ಳಲಾ?"

ಅವನಿಗೆ ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗೋ ರಸ್ತೆಯಲ್ಲಿ ಎರಡು ಎಕರೆ ಜಮೀನಿದೆ. ಟೊಮೆಟೊ ಹಾಕುತ್ತಾನೆ. ಸ್ವಂತ ಮಾಲು ಇಲ್ಲದ ದಿನ ಅಕ್ಕಪಕ್ಕದವರ ಮಾಲನ್ನು ಬಾಡಿಗೆಗೆ ಹೊಡೆಯುತ್ತಾನೆ. ಯಾವ ಹೈಬ್ರಿಡ್ ನೋಡಿ ಬಂದೆ ಎಂದು ಕೇಳಿದೆ. "ಅದೇ ಅಣ್ಣಾ, ಸಿಎನ್‌ಜಿ, ಪೆಟ್ರೋಲ್ ಎರಡೂ ಹಾಕ್ತಾರಲ್ಲ, ಅದು" ಅಂದ.

ಅದು ಹೈಬ್ರಿಡ್ ಅಲ್ಲ. ನಮ್ಮ ಕಡೆ ಎಷ್ಟೋ ಜನ ಹಾಗೇ ಕರೆಯುತ್ತಾರೆ, ಅದಕ್ಕೇ ಮೊದಲು ಇದನ್ನು ಬಿಡಿಸಿ ಹೇಳಬೇಕು. ಸಿಎನ್‌ಜಿ ಮತ್ತು ಪೆಟ್ರೋಲ್ ಎರಡರಲ್ಲೂ ಓಡುವ ಗಾಡಿಗೆ ಬೈ-ಫ್ಯೂಯಲ್ ಎಂದು ಹೆಸರು. ಎಂಜಿನ್ ಒಂದೇ, ಉರಿಯೋ ಇಂಧನ ಎರಡು. ಹೈಬ್ರಿಡ್ ಅಂದರೆ ಎಂಜಿನ್ ಜೊತೆಗೆ ಒಂದು ಎಲೆಕ್ಟ್ರಿಕ್ ಮೋಟರು, ಅದಕ್ಕೊಂದು ಬ್ಯಾಟರಿ. ಬ್ರೇಕ್ ಹಿಡಿದಾಗ ಆ ಮೋಟರೇ ಡೈನಮೋ ಥರ ತಿರುಗಿ ಬ್ಯಾಟರಿ ತುಂಬುತ್ತದೆ. ಮತ್ತೆ ಗಾಡಿ ಎಳೆಯುವಾಗ ಆ ಕರೆಂಟೇ ಎಂಜಿನ್ ಜೊತೆ ಕೈ ಜೋಡಿಸುತ್ತದೆ. ನಮ್ಮ ಪಕ್ಕದ ಬಿಡದಿಯಲ್ಲಿ ಟೊಯೋಟಾದವರು ಮಾಡುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಇದಕ್ಕೆ ಒಳ್ಳೆಯ ಉದಾಹರಣೆ. 2022ರಲ್ಲಿ ಬಂದದ್ದು. ಅದನ್ನು ಪ್ಲಗ್‌ಗೆ ಹಾಕುವ ಹಾಗಿಲ್ಲ. ಪೆಟ್ರೋಲ್ ಹಾಕಬೇಕು, ಉಳಿದದ್ದನ್ನು ಗಾಡಿಯೇ ನೋಡಿಕೊಳ್ಳುತ್ತದೆ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಐದಾರು ಲಕ್ಷಕ್ಕೆ ಸಿಗುವ ಸಣ್ಣ ಗೂಡ್ಸ್ ಗಾಡಿಗಳಲ್ಲಿ ನಿಜವಾದ ಹೈಬ್ರಿಡ್ ನಮ್ಮ ದೇಶದ ಷೋರೂಮಿನಲ್ಲಿ ಇಲ್ಲ. ಹಾಗಾದರೆ ಈ ಹೋಲಿಕೆ ಯಾಕೆ? ಎರಡು ಕಾರಣ. ಫೋನಲ್ಲಿ ವಿಡಿಯೋ ನೋಡಿ "ಹೈಬ್ರಿಡ್ ಪಿಕಪ್ ಬರುತ್ತೆ, ಕಾಯೋಣ" ಎನ್ನುವವರು ಜಾಸ್ತಿಯಾಗಿದ್ದಾರೆ. ಹಾಗೇ, ಹೈಬ್ರಿಡ್ ಯಾಕೆ ಇಲ್ಲ ಅನ್ನೋದು ಅರ್ಥವಾದರೆ ಬ್ಯಾಟರಿ ಗಾಡಿ ಯಾರಿಗೆ ಸರಿ, ಯಾರಿಗೆ ಸರಿಯಲ್ಲ ಅನ್ನೋದೂ ತಾನಾಗಿ ತಿಳಿಯುತ್ತದೆ.

ಅಮೆರಿಕದ ಜಗಳ, ನಮ್ಮ ಲೆಕ್ಕ

ಈ ಚರ್ಚೆ ಜೋರಾಗಿ ನಡೆದಿರುವುದು ಅಮೆರಿಕದಲ್ಲಿ. 2021ರಲ್ಲಿ ಫೋರ್ಡ್ ಕಂಪನಿ ಮ್ಯಾವರಿಕ್ ಎಂಬ ಸಣ್ಣ ಪಿಕಪ್ ತಂದಿತು. ಸಣ್ಣದು ಅನ್ನೋದು ಅವರ ಲೆಕ್ಕಕ್ಕೆ. ಹೈಬ್ರಿಡ್ ಎಂಜಿನ್ನೇ ಅದರ ಮೂಲ ಮಾದರಿ. ಆಗಿನ ಆರಂಭದ ಬೆಲೆ 20 ಸಾವಿರ ಡಾಲರ್‌ಗಿಂತ ಐದು ಡಾಲರ್ ಕಡಿಮೆ. ಲೋಡು ಸುಮಾರು 680 ಕೆಜಿ. ಜನ ಮುಗಿಬಿದ್ದರು, ಆಮೇಲೆ ಬೆಲೆಯೂ ಏರುತ್ತಾ ಹೋಯಿತು. ಇದಕ್ಕೆ ಎದುರಾಗಿ 2025ರ ಏಪ್ರಿಲ್‌ನಲ್ಲಿ ಸ್ಲೇಟ್ ಎಂಬ ಹೊಸ ಕಂಪನಿ ಬರೀ ಬ್ಯಾಟರಿಯ ಪಿಕಪ್ ತೋರಿಸಿತು. ಅಮೆಜಾನ್‌ನ ಜೆಫ್ ಬೆಜೋಸ್ ದುಡ್ಡು ಹಾಕಿರುವ ಕಂಪನಿ. ಎರಡೇ ಸೀಟು. ಕಿಟಕಿ ಗಾಜು ಕೈಯಲ್ಲಿ ತಿರುಗಿಸಬೇಕು. ಗಾಡಿಯ ಮೈಗೆ ಪೇಂಟ್ ಇಲ್ಲ, ಹಾಡು ಕೇಳೋ ಸೆಟ್ಟೂ ಇಲ್ಲ. ಒಂದು ಚಾರ್ಜಿಗೆ 240 ಕಿಲೋಮೀಟರ್ ಎಂದರು. ಸರ್ಕಾರದ 7,500 ಡಾಲರ್ ರಿಯಾಯಿತಿ ಕಳೆದು 20 ಸಾವಿರದೊಳಗೆ ಕೊಡುತ್ತೇವೆ ಎಂದರು. ಆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿದೇ ಹೋಯಿತು.

ಮ್ಯಾವರಿಕ್ ಹೈಬ್ರಿಡ್‌ನಲ್ಲಿ ನಾನು ತುಂಬಾ ಗಮನಿಸಿದ್ದು ಮೈಲೇಜು. ಅಲ್ಲಿನ ಸರ್ಕಾರಿ ಪರೀಕ್ಷೆಯ ಲೆಕ್ಕವನ್ನು ನಮ್ಮ ಅಳತೆಗೆ ತಂದರೆ ಊರೊಳಗೆ ಲೀಟರಿಗೆ ಸುಮಾರು 18, ಹೆದ್ದಾರಿಯಲ್ಲಿ 14. ನಮ್ಮ ಗಾಡಿಗಳಿಗೆ ಇದು ಉಲ್ಟಾ, ಅಲ್ವಾ? ನಮ್ಮದು ಹೈವೇಯಲ್ಲಿ ಜಾಸ್ತಿ ಕೊಡುತ್ತದೆ, ಊರೊಳಗೆ ಕುಡಿಯುತ್ತದೆ. ಹೈಬ್ರಿಡ್‌ಗೆ ದೊಡ್ಡ ಉಳಿತಾಯ ಬ್ರೇಕ್‌ನಿಂದ. ನಿಲ್ಲಿಸಿ ಹೊರಡಿಸಿ ಮಾಡುವ ಕಡೆ ಅದಕ್ಕೆ ಲಾಭ. ಸಿಗ್ನಲ್ ಇಲ್ಲದ ರಸ್ತೆಯಲ್ಲಿ ಅರವತ್ತರ ವೇಗ ಹಿಡಿದು ಸುಮ್ನೆ ಓಡುತ್ತಿದ್ದರೆ ಆ ಮೋಟರಿಗೆ ಹೆಚ್ಚು ಕೆಲಸವೇ ಇಲ್ಲ. ಬ್ಯಾಟರಿ, ಮೋಟರಿನ ಭಾರ ಮಾತ್ರ ಹೊತ್ತುಕೊಂಡು ಹೋಗುತ್ತೀರಿ.

ಈಗ ನಮ್ಮ ಟೊಮೆಟೊ ಗಾಡಿಯ ದಾರಿ ನೆನೆಸಿಕೊಳ್ಳಿ. ತೋಟದಿಂದ ಮಣ್ಣು ರಸ್ತೆ, ಆಮೇಲೆ ಡಾಂಬರು, ಆಮೇಲೆ ಎಪಿಎಂಸಿ ಗೇಟು. ಬೆಂಗಳೂರಿಗೋ ಚೆನ್ನೈಗೋ ಹೋದರೆ ಹೆದ್ದಾರಿ. ನಿಲ್ಲಿಸಿ ಹೊರಡಿಸೋ ಕೆಲಸ ಬೆಂಗಳೂರು ಒಳಗೆ ಹೋದಾಗ ಮಾತ್ರ.

ಈಗ ದುಡ್ಡಿಗೆ ಬರೋಣ. ನಾನು ಹಿಡಿದಿರುವ ದರ ಹೀಗಿದೆ: ಪೆಟ್ರೋಲ್ 103, ಡೀಸೆಲ್ 91, ಸಿಎನ್‌ಜಿ ಕೆಜಿಗೆ 90, ಮನೆ ಕರೆಂಟ್ ಯೂನಿಟ್‌ಗೆ 7 ರೂಪಾಯಿ. ನೀವು ಓದುವ ದಿನದ ದರ ಹಾಕಿಕೊಂಡು ನೋಡಿ, ಅಂತರ ದೊಡ್ಡದಾಗಿ ಬದಲಾಗುವುದಿಲ್ಲ. ಲೋಡು ಹಾಕಿದ ಸಣ್ಣ ಪೆಟ್ರೋಲ್ ಗಾಡಿ ಲೀಟರಿಗೆ 14 ಕೊಟ್ಟರೆ ಕಿಲೋಮೀಟರಿಗೆ 7 ರೂಪಾಯಿ ದಾಟುತ್ತದೆ. ಡೀಸೆಲ್ 17 ಕೊಟ್ಟರೆ 5 ರೂಪಾಯಿ 35 ಪೈಸೆ. ಸಿಎನ್‌ಜಿ ಕೆಜಿಗೆ 20 ಕೊಟ್ಟರೆ ನಾಲ್ಕೂವರೆ. ಅದೇ ಪೆಟ್ರೋಲ್ ಗಾಡಿಗೆ ಹೈಬ್ರಿಡ್ ಹಾಕಿ, ಊರೊಳಗೆ ಮೈಲೇಜು 14ರಿಂದ 19ಕ್ಕೆ ಏರಿತು ಅಂದುಕೊಳ್ಳಿ. ಕಿಲೋಮೀಟರಿಗೆ 5 ರೂಪಾಯಿ 40 ಪೈಸೆ ಆಯಿತು. ಅಂದರೆ ಅಷ್ಟೆಲ್ಲಾ ಮಾಡಿ ಬಂದು ನಿಂತದ್ದು ಡೀಸೆಲ್ ಹತ್ತಿರ. ಸಿಎನ್‌ಜಿಗಿಂತ ಇನ್ನೂ ಜಾಸ್ತಿಯೇ. ಗಾಡಿಯ ಬೆಲೆ ಒಂದು ಲಕ್ಷವೋ ಒಂದೂವರೆಯೋ ಮೇಲಕ್ಕೆ ಹೋಗಿರುತ್ತದೆ.

ಅಮೆರಿಕದವರಿಗೆ ಸಣ್ಣ ಡೀಸೆಲ್ ಪಿಕಪ್ಪೂ ಇಲ್ಲ, ಊರೂರಿಗೆ ಸಿಎನ್‌ಜಿ ಬಂಕೂ ಇಲ್ಲ. ಅವರಿಗೆ ಪೆಟ್ರೋಲ್ ಬಿಟ್ಟರೆ ಹೈಬ್ರಿಡ್, ಇಲ್ಲದಿದ್ದರೆ ಬ್ಯಾಟರಿ. ನಮಗೆ ಮಧ್ಯದಲ್ಲಿ ಎರಡು ಅಗ್ಗದ ದಾರಿ ಇವೆ. ಹಾಗಾಗಿ ಇಲ್ಲಿ ಯಾರೂ ಹೈಬ್ರಿಡ್ ಛೋಟಾ ಹಾಥಿ, ಅಂದರೆ ಟಾಟಾ ಏಸ್ ಥರದ ಸಣ್ಣ ಗಾಡಿ, ಮಾಡುವ ಗೋಜಿಗೆ ಹೋಗಿಲ್ಲ ಎಂದು ನನ್ನ ತಿಳುವಳಿಕೆ. ಅದಕ್ಕಾಗಿ ಕಾಯುತ್ತಾ ಹಳೇ ಗಾಡಿಗೆ ದುಡ್ಡು ಸುರಿಯಬೇಡಿ. ನಮ್ಮ ಮುಂದಿರುವ ನಿಜವಾದ ಆಯ್ಕೆ ಬ್ಯಾಟರಿಯೋ, ಸಿಎನ್‌ಜಿ-ಪೆಟ್ರೋಲೋ, ಡೀಸೆಲ್ಲೋ ಅನ್ನೋದು.

ಬ್ಯಾಟರಿ ಗಾಡಿ ನಿಜವಾಗಿ ಎಷ್ಟು ಓಡುತ್ತದೆ

ಟಾಟಾ ಏಸ್ 2005ರಲ್ಲಿ ಬಂತು. ಅದರ ಬ್ಯಾಟರಿ ಮಾದರಿ, ಏಸ್ ಇವಿ, 2022ರಲ್ಲಿ ಬಂತು. ಬ್ಯಾಟರಿ 21.3 ಯೂನಿಟ್. ಯೂನಿಟ್ ಅಂದರೆ ಮನೆ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಪರೀಕ್ಷೆಯ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, 154 ಕಿಲೋಮೀಟರ್, ಲೋಡು 600 ಕೆಜಿ. ಆಮೇಲೆ 2024ರಲ್ಲಿ ಒಂದು ಟನ್ ಹೊರುವ ಮಾದರಿ ಬಂತು. ಮಹೀಂದ್ರದವರು 2024ರ ಅಕ್ಟೋಬರ್‌ನಲ್ಲಿ ಜಿಯೋ ಎಂಬ ಬ್ಯಾಟರಿ ಗಾಡಿಯನ್ನು ಏಳೂವರೆ ಲಕ್ಷದಿಂದ ಶುರು ಮಾಡಿದರು. 2025ರ ಜೂನ್‌ನಲ್ಲಿ ಟಾಟಾ ಏಸ್ ಪ್ರೊ ಬಂತು. ಹೋಲಿಕೆಗೆ ಇದೇ ಒಳ್ಳೆಯದು, ಯಾಕೆಂದರೆ ಒಂದೇ ಗಾಡಿ ಮೂರು ಥರದಲ್ಲಿ ಸಿಗುತ್ತದೆ. ಬಿಡುಗಡೆಯ ದಿನ ಪೆಟ್ರೋಲ್ 3.99 ಲಕ್ಷ, ಬೈ-ಫ್ಯೂಯಲ್ 4.99 ಲಕ್ಷ, ಬ್ಯಾಟರಿ 6.50 ಲಕ್ಷ, ಎಲ್ಲಾ ಎಕ್ಸ್ ಷೋರೂಮ್. ಲೋಡು 750 ಕೆಜಿ. ಬ್ಯಾಟರಿ 14.4 ಯೂನಿಟ್, ರೇಂಜ್ 155 ಎಂದು ಹೇಳುತ್ತಾರೆ.

ಆ 154, 155 ಅನ್ನೋದನ್ನು ನಂಬಿ ಬಾಡಿಗೆ ಒಪ್ಪಿಕೊಳ್ಳಬೇಡಿ. ಅದು ಪರೀಕ್ಷೆಯ ಅಳತೆ. ನಾನೂ ನನ್ನ ಭಾವನೂ ಸೇರಿ ಎರಡು ವರ್ಷದಿಂದ ಒಂದು ಬ್ಯಾಟರಿ ಗಾಡಿ ಓಡಿಸುತ್ತಿದ್ದೇವೆ. ಪೂರ್ತಿ ಲೋಡು, ನಮ್ಮ ಏರು ತಗ್ಗಿನ ರಸ್ತೆ, ಇವೆಲ್ಲಾ ಸೇರಿದರೆ ನೂರರ ಆಸುಪಾಸು ಸಿಗುತ್ತದೆ. ಒಂದು ದಾರಿ ಲೋಡು, ಒಂದು ದಾರಿ ಖಾಲಿ ಆದರೆ 115 ಮುಟ್ಟಿದ್ದೂ ಉಂಟು. ನಾನು ಯಾರಿಗೇ ಹೇಳಿದರೂ ಹೇಳಿಕೆಯ ರೇಂಜಿನಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿ ಅನ್ನುತ್ತೇನೆ. ಬ್ಯಾಟರಿಯನ್ನು ಸೊನ್ನೆಗೆ ಇಳಿಸಿ ಮನೆಗೆ ಬರುವ ಪ್ಲಾನ್ ಮಾಡಲೇಬೇಡಿ. ಶೇಕಡ 15 ಕೈಯಲ್ಲಿರಲಿ.

ಲೋಡಿನ ಮಾತು ಬಂದರೆ ಟೊಮೆಟೊದವರು ಬಾಕ್ಸ್ ಲೆಕ್ಕದಲ್ಲಿ ಯೋಚಿಸುತ್ತಾರೆ. ಒಂದು ಬಾಕ್ಸ್ 15 ಕೆಜಿ. 600 ಕೆಜಿ ಅಂದರೆ 40 ಬಾಕ್ಸ್, 750 ಕೆಜಿ ಅಂದರೆ 50. ಪ್ಲಾಸ್ಟಿಕ್ ಕ್ರೇಟಿನ ತೂಕ ಬೇರೆ. ಅದನ್ನು ಸೇರಿಸಿದರೆ ನಾಲ್ಕೈದು ಬಾಕ್ಸ್ ಕಡಿಮೆಯೇ ಆಗುತ್ತದೆ. ಸೀಸನ್ನಿನಲ್ಲಿ ನಮ್ಮ ಹುಡುಗರು 50 ಬಾಕ್ಸಿನ ಗಾಡಿಗೆ 80 ಹೇರುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತು. ಡೀಸೆಲ್ ಗಾಡಿ ಆಗ ಹೊಗೆ ಬಿಟ್ಟುಕೊಂಡು ಎಳೆಯುತ್ತದೆ. ಬ್ಯಾಟರಿ ಗಾಡಿಯೂ ಎಳೆಯುತ್ತದೆ, ಇನ್ನೂ ಚೆನ್ನಾಗಿಯೇ. ಆದರೆ ಮೀಟರಿನಲ್ಲಿ ಶೇಕಡ ಇಳಿಯೋದನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ. ದಿನಾ ಓವರ್‌ಲೋಡ್ ಹೊಡೆಯುವವರು ಈ ಗಾಡಿ ತಗೊಳ್ಳಬಾರದು. ಬ್ರೇಕಿಗೂ ಟೈರಿಗೂ ಅದು ಒಳ್ಳೆಯದಲ್ಲ, ಎದುರಿಗೆ ಬರುವವರಿಗಂತೂ ಅಲ್ಲವೇ ಅಲ್ಲ.

ಎಳೆತದ ವಿಷಯದಲ್ಲಿ ನನಗೆ ಬ್ಯಾಟರಿ ಗಾಡಿ ಮೇಲೆ ತುಂಬಾ ಪ್ರೀತಿ. ಹೋದ ವರ್ಷ ಶ್ರಾವಣದಲ್ಲಿ ಮೂರು ದಿನ ಮಳೆ ಹಿಡಿದಿತ್ತು. ತೋಟದ ಬದುವಿನಿಂದ ರಸ್ತೆಗೆ ಹತ್ತೋ ಜಾಗ ಪೂರಾ ಕೆಂಪು ಕೆಸರು. ಆ ಜಾಗದಲ್ಲಿ ಹಳೇ ಡೀಸೆಲ್ ಗಾಡಿಯ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ನನಗೆ ಚೆನ್ನಾಗಿ ನೆನಪಿದೆ. ಅರ್ಧ ಕ್ಲಚ್ಚಿನಲ್ಲಿ ಹಿಡಿದು, ಹಿಂದಿನಿಂದ ನಾಲ್ಕು ಜನ ತಳ್ಳಿ, ಟೈರ್ ಕೆಳಗೆ ತೆಂಗಿನ ಗರಿ ಹಾಕಿ ಎಬ್ಬಿಸುತ್ತಿದ್ದೆವು. ಆ ದಿನ 38 ಬಾಕ್ಸ್ ಹಾಕಿಕೊಂಡು ಭಾವ ಕಾಲನ್ನು ಮೆಲ್ಲಗೆ ಒತ್ತಿದರು. ಗೇರ್ ಇಲ್ಲ, ಕ್ಲಚ್ ಇಲ್ಲ. ಟೈರು ಒಂದು ಸುತ್ತು ಜಾರಿತು, ಕೆಸರು ಕಚ್ಚಿತು, ಗಾಡಿ ಸದ್ದಿಲ್ಲದೆ ಹತ್ತಿಬಿಟ್ಟಿತು. ಮೋಟರಿಗೆ ಮೊದಲ ಸುತ್ತಿನಿಂದಲೇ ಪೂರ್ತಿ ಎಳೆತ ಸಿಗುತ್ತದೆ. ಎಂಜಿನ್ ಥರ ರೇಸ್ ಕೊಟ್ಟು ಬಲ ತರಿಸಬೇಕಾಗಿಲ್ಲ. ನಮ್ಮಂಥ ತೋಟದ ದಾರಿಗೆ ಇದು ದೊಡ್ಡ ಸಂಗತಿ.

ರಾತ್ರಿಯ ಕರೆಂಟು

ಬ್ಯಾಟರಿ ಗಾಡಿಯ ಜೀವ ಇರುವುದು ಮನೆಯ ಸಾಕೆಟ್ಟಿನಲ್ಲಿ. ಗೀಸರಿಗೆ ಹಾಕುವ 16 ಆಂಪಿಯರ್ ಸಾಕೆಟ್ ಗಂಟೆಗೆ ಮೂರು ಯೂನಿಟ್ಟಿನಷ್ಟು ಕೊಡುತ್ತದೆ. 21 ಯೂನಿಟ್ಟಿನ ಬ್ಯಾಟರಿ ಖಾಲಿಯಿಂದ ತುಂಬಲು ಏಳೆಂಟು ಗಂಟೆ ಬೇಕು, 14 ಯೂನಿಟ್ಟಿನದಕ್ಕೆ ಐದು ಗಂಟೆ. ರಾತ್ರಿ ಒಂಬತ್ತಕ್ಕೆ ಹಾಕಿದರೆ ಬೆಳಗಿನ ಜಾವ ನಾಲ್ಕೂವರೆಗೆ ರೆಡಿ. ಚಾರ್ಜರಿನಲ್ಲಿ ಸ್ವಲ್ಪ ಸೋರಿಕೆ ಇರುತ್ತದೆ. 21 ತುಂಬಲು ಮೀಟರಿನಲ್ಲಿ 24 ಯೂನಿಟ್ ಓಡಿದರೆ ಗಾಬರಿಯಾಗಬೇಡಿ. 24 ಯೂನಿಟ್ಟಿಗೆ 168 ರೂಪಾಯಿ. ಅದರಲ್ಲಿ ನೂರು ಕಿಲೋಮೀಟರ್. ಕಿಲೋಮೀಟರಿಗೆ 1 ರೂಪಾಯಿ 70 ಪೈಸೆ. ಸಣ್ಣ ಬ್ಯಾಟರಿಯ ಹಗುರ ಗಾಡಿಗೆ ಇನ್ನೂ ಕಡಿಮೆ.

ಆದರೆ ಪಂಪ್‌ಸೆಟ್ ಲೈನನ್ನು ನೆಚ್ಚಿಕೊಳ್ಳಬೇಡಿ. ತ್ರೀ ಫೇಸ್ ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಅದು ನಮ್ಮ ಕೈಯಲ್ಲಿಲ್ಲ. ಆ ಕರೆಂಟು ನೀರೆತ್ತೋದಕ್ಕೆ ಕೊಟ್ಟಿರೋದು, ಗಾಡಿಗಲ್ಲ. ನಿರಂತರ ಜ್ಯೋತಿ ಯೋಜನೆ ಬಂದಮೇಲೆ ಊರಿನ ಮನೆಗಳ ಲೈನು ಬೇರೆಯಾಗಿದೆ. ಅಂಥ ಊರಿನ ಮನೆ ಮೀಟರಿನಿಂದಲೇ ಎಳೆಯಿರಿ. ಮೀಟರಿನಿಂದ ಸಾಕೆಟ್ಟಿಗೆ ಪ್ರತ್ಯೇಕ ವೈರು, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ. ಇದರಲ್ಲಿ ಎರಡು ಸಾವಿರ ಉಳಿಸಲು ಹೋಗಬೇಡಿ.

ನಮಗೆ ಏಟು ಬಿದ್ದದ್ದೂ ಇಲ್ಲೇ. ಒಂದು ರಾತ್ರಿ ಗಾಳಿ ಮಳೆಗೆ ಲೈನ್ ಹೋಗಿದೆ. ನಾವು ಚಾರ್ಜಿಗೆ ಹಾಕಿ ಮಲಗಿದ್ದೆವು. ನಾಲ್ಕೂವರೆಗೆ ಎದ್ದು ಕೀ ತಿರುಗಿಸಿದರೆ ಶೇಕಡ 38. ಹೊರಗೆ ಬಾಕ್ಸ್ ಜೋಡಿಸಿಟ್ಟಿದ್ದೇವೆ, ಪಕ್ಕದ ತೋಟದವರದ್ದೂ ಸೇರಿ. ಮಂಡಿ ಮುಟ್ಟೋದೇನೋ ಮುಟ್ಟಬಹುದಿತ್ತು. ವಾಪಸ್ ಬಂದು ಎರಡನೇ ಟ್ರಿಪ್ಪು ಹೊಡೆಯೋದು ಆಗದ ಮಾತು. ಹರಾಜಿಗೆ ತಡವಾದರೆ ರೇಟು ಇಳಿದಿರುತ್ತದೆ ಅನ್ನೋದು ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ಅಂಥ ಹೊತ್ತಿನಲ್ಲಿ ಗಾಡಿ ಕೈ ಕೊಟ್ಟರೆ ಏನಾಗುತ್ತದೆ ಯೋಚಿಸಿ. ಆ ದಿನ ಬೇರೆ ಗಾಡಿಗೆ ಫೋನ್ ಮಾಡಿ ಡಬಲ್ ಬಾಡಿಗೆ ಕೊಟ್ಟು ಕಳಿಸಿದೆವು. ಅವತ್ತಿನಿಂದ ಮಧ್ಯಾಹ್ನ ಬಿಡುವಿದ್ದಾಗಲೂ ಒಂದೆರಡು ಗಂಟೆ ಚಾರ್ಜಿಗೆ ಹಾಕುತ್ತೇವೆ, ಎಲ್ಲವನ್ನೂ ರಾತ್ರಿಯ ಮೇಲೆ ಬಿಡುವುದಿಲ್ಲ.

ಹೆದ್ದಾರಿಯ ಫಾಸ್ಟ್ ಚಾರ್ಜರ್ ಇದೆಯಲ್ಲ ಎನ್ನಬಹುದು. ಮೊದಲು ನಿಮ್ಮ ಗಾಡಿಗೆ ಫಾಸ್ಟ್ ಚಾರ್ಜಿಂಗ್ ಕೊಟ್ಟಿದ್ದಾರೆಯೇ ಎಂದು ಕೇಳಿ, ಎಲ್ಲಾ ಮಾದರಿಗೂ ಇರುವುದಿಲ್ಲ. ಎರಡನೆಯದು ದರ. ಸಾರ್ವಜನಿಕ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ ಹಿಡಿದರೆ ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ ಹತ್ತಿರ ಬರುತ್ತದೆ. ಅದು ಸಿಎನ್‌ಜಿ ಲೆಕ್ಕವೇ ಆಯಿತಲ್ಲ. ಅಷ್ಟರ ಮೇಲೆ ಒಂದೂವರೆ ಗಂಟೆ ಕಾಯೋದು ಬೇರೆ. ದಾರಿಯ ಚಾರ್ಜರನ್ನು ಆಪತ್ತಿಗೆ ಇಟ್ಟುಕೊಳ್ಳಿ. ದಿನಾ ಅದೇ ಬೇಕು ಅನ್ನೋದಾದರೆ ನಿಮ್ಮ ಕೆಲಸಕ್ಕೆ ಬ್ಯಾಟರಿ ಗಾಡಿ ಸರಿಯಲ್ಲ.

ಬಾಡಿಗೆ ಮನೆಯಲ್ಲಿದ್ದು, ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸುವವರೂ ಇಲ್ಲಿಗೇ ಬಿಟ್ಟುಬಿಡಿ. ಮೊದಲ ಮಹಡಿಯಿಂದ ವೈರ್ ಇಳಿಬಿಟ್ಟು ಚಾರ್ಜ್ ಮಾಡುವುದನ್ನು ನೋಡಿದ್ದೇನೆ. ಮಳೆಯಲ್ಲಿ ಮಕ್ಕಳು ಓಡಾಡುವ ಜಾಗ ಅದು. ದಯವಿಟ್ಟು ಬೇಡ.

ಹೆಚ್ಚು ಕೊಟ್ಟ ದುಡ್ಡು ಯಾವಾಗ ವಾಪಸ್

ಏಸ್ ಪ್ರೊ ಲೆಕ್ಕವನ್ನೇ ಹಿಡಿಯೋಣ. ಬಿಡುಗಡೆಯ ದಿನ ಬೈ-ಫ್ಯೂಯಲ್‌ಗೂ ಬ್ಯಾಟರಿಗೂ ಒಂದೂವರೆ ಲಕ್ಷದ ಅಂತರವಿತ್ತು. ಆಮೇಲೆ 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್, ಡೀಸೆಲ್, ಸಿಎನ್‌ಜಿ ಗೂಡ್ಸ್ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಬ್ಯಾಟರಿ ಗಾಡಿಯದು 2019ರಿಂದಲೂ 5, ಅದು ಹಾಗೇ ಉಳಿಯಿತು. ಅಂದರೆ 4.99 ಲಕ್ಷದ ಗಾಡಿಗೆ ತೆರಿಗೆಯಲ್ಲೇ ಸುಮಾರು 39 ಸಾವಿರ ಇಳಿಯುತ್ತದೆ. ಅಂತರ 1.90 ಲಕ್ಷ ಆಯಿತು. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯ ಸಬ್ಸಿಡಿಯನ್ನು ಎರಡು ಚಕ್ರ, ಮೂರು ಚಕ್ರ, ಬಸ್ಸು, ಆಂಬುಲೆನ್ಸ್, ದೊಡ್ಡ ಲಾರಿಗಳಿಗೆಂದು ತಂದದ್ದು. ನಮ್ಮ ಸಣ್ಣ ನಾಲ್ಕು ಚಕ್ರದ ಗೂಡ್ಸ್ ಅದರೊಳಗೆ ಬರುವುದಿಲ್ಲ. ಯಾರಾದರೂ ಸಬ್ಸಿಡಿ ಕೊಡಿಸುತ್ತೇನೆ ಎಂದರೆ ಬರವಣಿಗೆಯಲ್ಲಿ ಕೇಳಿ.

ಈಗ ಬ್ಯಾಟರಿಗೆ ಕಿಲೋಮೀಟರಿಗೆ ಒಂದೂವರೆ ರೂಪಾಯಿ, ಸಿಎನ್‌ಜಿಗೆ ನಾಲ್ಕೂವರೆ. ಉಳಿಯುವುದು 3 ರೂಪಾಯಿ. ದಿನಕ್ಕೆ 80 ಕಿಲೋಮೀಟರ್, ತಿಂಗಳಿಗೆ 25 ದಿನ ಓಡಿದರೆ ತಿಂಗಳಿಗೆ 6 ಸಾವಿರ ಉಳಿತಾಯ. 1.90 ಲಕ್ಷ ವಾಪಸ್ ಬರಲು 32 ತಿಂಗಳು ಬೇಕು. ದಿನಕ್ಕೆ 40 ಮಾತ್ರ ಓಡಿದರೆ ಐದು ವರ್ಷ ದಾಟುತ್ತದೆ. ಎಷ್ಟೋ ಜನ "ನನ್ನದು ಕಡಿಮೆ ಓಡಾಟ, ಹಾಗಾಗಿ ಬ್ಯಾಟರಿ ಸಾಕು" ಎನ್ನುತ್ತಾರೆ. ರೇಂಜ್ ಸಾಕು, ನಿಜ. ದುಡ್ಡಿನ ಲೆಕ್ಕ ಮಾತ್ರ ಉಲ್ಟಾ. ಬ್ಯಾಟರಿ ಗಾಡಿಯನ್ನು ಅದರ ರೇಂಜಿನೊಳಗೆ ಎಷ್ಟು ಜಾಸ್ತಿ ಓಡಿಸುತ್ತೀರೋ ಅಷ್ಟು ಲಾಭ. ದಿನಕ್ಕೆ 70ರಿಂದ 95, ವರ್ಷ ಪೂರ್ತಿ, ರಾತ್ರಿ ಮನೆಯಲ್ಲಿ ನಿಲುಗಡೆ. ಇಂಥ ಕೆಲಸ ನಿಮ್ಮದಾದರೆ ಕಣ್ಣು ಮುಚ್ಚಿ ತಗೊಳ್ಳಿ.

ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್ ಪ್ಲೇಟ್, ಇವು ಯಾವುವೂ ಇಲ್ಲದಿರೋದು ಇನ್ನೊಂದು ಉಳಿತಾಯ. ಅದಕ್ಕೆ ಎದುರಾಗಿ ಸಾಲದ ಬಡ್ಡಿ ನೋಡಿ. ಫೈನಾನ್ಸಿನವರು ಬ್ಯಾಟರಿ ಗಾಡಿಗೆ ಬಡ್ಡಿ ಜಾಸ್ತಿ ಹೇಳುತ್ತಾರೆ, ಕಂತಿನ ಅವಧಿ ಕಡಿಮೆ ಕೊಡುತ್ತಾರೆ. ನಮಗೂ ಹಾಗೇ ಆಯಿತು. ಹಳೇ ಗಾಡಿಯ ಸಂತೆಯಲ್ಲಿ ಡೀಸೆಲ್ ಪಿಕಪ್ಪಿಗೆ ಹತ್ತು ವರ್ಷವಾದರೂ ಗಿರಾಕಿ ಇದ್ದಾನೆ. ಹಳೇ ಬ್ಯಾಟರಿ ಗಾಡಿ ಕೊಳ್ಳುವವನು ಬ್ಯಾಟರಿ ಎಷ್ಟು ಉಳಿದಿದೆ ಎಂದು ನೂರು ಸಲ ಕೇಳುತ್ತಾನೆ. ಕೇಳೋದು ಸರಿಯೇ. ಅದಕ್ಕೆ ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಶೇಕಡ ಎಷ್ಟಕ್ಕೆ ಇಳಿದರೆ ಬದಲಾಯಿಸಿಕೊಡುತ್ತಾರೆ, ಗಾಡಿ ಮಾರಿದರೆ ಎರಡನೇ ಮಾಲೀಕನಿಗೂ ಅದು ಸಿಗುತ್ತದೆಯೇ ಎಂದು ಬುಕ್ ಮಾಡುವ ಮುಂಚೆ ಓದಿಸಿಕೊಳ್ಳಿ. ಏಳೆಂಟು ವರ್ಷದ ವಾರಂಟಿ ಕೊಡುವವರಿದ್ದಾರೆ. ರಸ್ತೆ ತೆರಿಗೆ ನಿಯಮ ಆಗಾಗ ಬದಲಾಗುತ್ತದೆ, ಆನ್ ರೋಡ್ ಬೆಲೆ ಕಾಗದದ ಮೇಲೆ ಬರೆಸಿ.

ಸಿಎನ್‌ಜಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಿಲಿಂಡರು ಜಾಗ ತಿನ್ನುತ್ತದೆ, ತೂಕ ತಿನ್ನುತ್ತದೆ. ಏರಿನಲ್ಲಿ ಎಳೆತ ಸ್ವಲ್ಪ ಕಡಿಮೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಮಾಡಿಸಲೇಬೇಕು. ಗ್ಯಾಸ್ ಹೆದ್ದಾರಿ ಬದಿಯಲ್ಲಿ ಸಿಗುತ್ತದೆ, ಒಳ ಊರುಗಳಲ್ಲಿ ಕಷ್ಟ. ಬೆಳಗಿನ ಕ್ಯೂನಲ್ಲಿ ಅರ್ಧ ಗಂಟೆ ಹೋಗುತ್ತದೆ. ಗ್ಯಾಸ್ ಮುಗಿದರೆ ಐದು ಲೀಟರ್ ಪೆಟ್ರೋಲ್ ಟ್ಯಾಂಕು ಮನೆ ಮುಟ್ಟಿಸುತ್ತದೆ, ಅದು ದೊಡ್ಡ ಧೈರ್ಯ.

ಯಾರಿಗೆ ಯಾವುದು

ನನ್ನ ಭಾವನದು ಹಾಲಿನ ಪ್ಯಾಕೆಟ್ ಲೈನು. ಬೆಳಗಿನ ಜಾವ ಕೋಲಾರ ಪಟ್ಟಣ, ಆಮೇಲೆ ವೇಮಗಲ್ ಕಡೆ, ನರಸಾಪುರದ ಕಾರ್ಖಾನೆ ಕ್ಯಾಂಟೀನುಗಳು. ದಿನಾ 75 ಕಿಲೋಮೀಟರ್, ಮಳೆಯಾಗಲಿ ಬಿಸಿಲಾಗಲಿ ಒಂದೇ ದಾರಿ. ಅಂಗಡಿ ಅಂಗಡಿಗೆ ನಿಲ್ಲಿಸಿ ಹೊರಡಿಸಬೇಕು. ಹೈಬ್ರಿಡ್‌ಗೆ ಯಾವುದು ಅನುಕೂಲವೋ ಅದೇ ಬ್ಯಾಟರಿಗೂ ಅನುಕೂಲ, ಯಾಕೆಂದರೆ ಬ್ರೇಕಿನಲ್ಲಿ ಕರೆಂಟು ವಾಪಸ್ ಬರುತ್ತದೆ. ಅವರು ಹಸಿರು ನಂಬರ್ ಪ್ಲೇಟನ್ನು ದಿನಾ ಒರೆಸುತ್ತಾರೆ. ಅಂಥವರಿಗೆ ಬ್ಯಾಟರಿ ಬಿಟ್ಟು ಬೇರೆ ಮಾತೇ ಇಲ್ಲ. ದಿನಸಿ ಸಪ್ಲೈ, ನೀರಿನ ಕ್ಯಾನು, ಗ್ಯಾಸ್ ಸಿಲಿಂಡರ್, ಬೇಕರಿ ಮಾಲು, ಎಲ್ಲಾ ಇದೇ ಸಾಲು.

ಚಿಕ್ಕಬಳ್ಳಾಪುರದ ಹೂವಿನವರದ್ದು ಬೇರೆ ಥರ. ಸೇವಂತಿಗೆ ಜಾಗ ತುಂಬುತ್ತದೆ, ತೂಕ ಇಲ್ಲ. ಹಗುರ ಲೋಡಿಗೆ ರೇಂಜ್ ಚೆನ್ನಾಗಿ ಸಿಗುತ್ತದೆ. ಊರೊಳಗಿನ ಹೂವಿನ ಮಾರುಕಟ್ಟೆಗೆ ಹಾಕುವವರು ಧೈರ್ಯವಾಗಿ ಬ್ಯಾಟರಿ ತಗೊಳ್ಳಬಹುದು. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಬರುವುದಾದರೆ 120 ಕಿಲೋಮೀಟರ್ ಆಯಿತು. ಅಲ್ಲಿ ಒಂದು ಗಂಟೆ ಚಾರ್ಜಿಗೆ ಜಾಗ ಗೊತ್ತು ಮಾಡಿಕೊಂಡಿದ್ದರೆ ಮಾತ್ರ ಸರಿ.

ಟೊಮೆಟೊ ಬಾಡಿಗೆಯವರದ್ದೇ ಕಷ್ಟದ ಲೆಕ್ಕ. ಇವತ್ತು ಕೋಲಾರ ಮಂಡಿ, 20 ಕಿಲೋಮೀಟರ್. ನಾಳೆ ಚಿಂತಾಮಣಿ. ನಾಡಿದ್ದು ಯಾರೋ ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಕರೆಯುತ್ತಾರೆ, ಹೋಗಿ ಬಂದರೆ 140. ಸೀಸನ್ ಬಿಸಿಯಲ್ಲಿ ಚೆನ್ನೈ ಬಾಡಿಗೆ, ಒಂದು ದಾರಿಗೇ 270ರ ಹತ್ತಿರ. ಪಲಮನೇರು ದಾಟಿ ಮೊಗಿಲಿ ಘಾಟಿಯಲ್ಲಿ ಇಳಿಯುವಾಗ ಬ್ಯಾಟರಿ ತುಂಬುತ್ತದೆ, ಹತ್ತುವಾಗ ಎಲ್ಲಾ ಖರ್ಚು. 245 ಕಿಲೋಮೀಟರ್ ರೇಂಜ್ ಹೇಳುವ ದೊಡ್ಡ ಬ್ಯಾಟರಿಯ ಮೊಂಟ್ರಾ ಈವಿಯೇಟರ್ 2025ರಲ್ಲಿ ಬಂದಿದೆ, ಆದರೆ ಅದು 16 ಲಕ್ಷದ ಹತ್ತಿರದ ಗಾಡಿ. ಎರಡು ಎಕರೆಯವನು ಎಲ್ಲಿಂದ ತರಬೇಕು?

ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಈ ರೈತನಿಗೆ ಸರಿಹೊಂದುವುದು ಬ್ಯಾಟರಿಯೂ ಅಲ್ಲ, ಮ್ಯಾವರಿಕ್ ಥರದ ಹೈಬ್ರಿಡ್ಡೂ ಅಲ್ಲ. ಮನೆಯಲ್ಲಿ ಪ್ಲಗ್‌ಗೆ ಹಾಕಿ 60 ಕಿಲೋಮೀಟರ್ ಕರೆಂಟಿನಲ್ಲಿ ಓಡಬೇಕು. ಅದು ಮುಗಿದಮೇಲೆ ಒಂದು ಸಣ್ಣ ಸಿಎನ್‌ಜಿ ಎಂಜಿನ್ನು ಜನರೇಟರ್ ಥರ ತಿರುಗಿ ಬ್ಯಾಟರಿಗೆ ಕೊಡುತ್ತಿರಬೇಕು. ವರ್ಷದಲ್ಲಿ 250 ದಿನ ಮಂಡಿಗೆ ಕರೆಂಟಿನಲ್ಲಿ, ಉಳಿದ ದಿನ ಎಲ್ಲಿಗೆ ಬೇಕಾದರೂ. ಇದು ಆಗದ ಮಾತಲ್ಲ. ಫೋರ್ಡ್ ಕಂಪನಿ 2025ರ ಡಿಸೆಂಬರ್‌ನಲ್ಲಿ ತನ್ನ ದೊಡ್ಡ ಬ್ಯಾಟರಿ ಪಿಕಪ್ ಎಫ್-150 ಲೈಟ್ನಿಂಗ್ ನಿಲ್ಲಿಸಿ, ಮುಂದಿನದನ್ನು ಇದೇ ಜನರೇಟರ್ ಥರ ಮಾಡುತ್ತೇವೆ ಎಂದು ಹೇಳಿದೆ. ನಮ್ಮ ಕಂಪನಿಗಳು ಛೋಟಾ ಹಾಥಿಯನ್ನು ನಮ್ಮ ಗಲ್ಲಿಗಳನ್ನು ನೋಡಿ ಮಾಡಿದವು. ಅದೇ ಥರ ಕೋಲಾರದ ಮಂಡಿ ಗೇಟಿನಲ್ಲಿ ನಾಲ್ಕು ದಿನ ನಿಂತು ನೋಡಿ ಇಂಥದ್ದೊಂದು ಮಾಡಬೇಕು. ಅದು ಬರುವ ತನಕ ಬಾಡಿಗೆ ಹೊಡೆಯುವವರಿಗೆ ಸಿಎನ್‌ಜಿ-ಪೆಟ್ರೋಲೇ ಸರಿ. ದಿನಾ ಒಂದು ಟನ್ ದಾಟುವ ಲೋಡಾದರೆ ಡೀಸೆಲ್.

ಚಿಕ್ಕಪ್ಪನ ಮಗನಿಗೆ ನಾನು ಒಂದು ಕೆಲಸ ಕೊಟ್ಟೆ. ಹಳೇ ಗಾಡಿಯಲ್ಲೇ ಹದಿನೈದು ದಿನ ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಮೀಟರ್ ಬರೆದಿಡು ಅಂದೆ. ಎಷ್ಟು ಬಾಕ್ಸ್, ಯಾವ ಊರು, ರಾತ್ರಿ ಗಾಡಿ ಎಲ್ಲಿ ನಿಂತಿತು, ಅದನ್ನೂ ಸೇರಿಸು ಅಂದೆ. ಗೊಬ್ಬರದ ಅಂಗಡಿಯವರು ಕೊಟ್ಟ ಪಾಕೆಟ್ ಡೈರಿಯಲ್ಲಿ ಬರೆದುಕೊಂಡು ಬಂದ. ಹನ್ನೊಂದು ದಿನ 50ರ ಒಳಗೆ. ಎರಡು ದಿನ ಬೆಂಗಳೂರು. ಒಂದು ದಿನ ಚೆನ್ನೈ, ಮಾರನೇ ದಿನ ವಾಪಸ್. ಎರಡು ರಾತ್ರಿ ಗಾಡಿ ಮನೆಯಲ್ಲಿಲ್ಲ. ಡೈರಿ ನೋಡುತ್ತಲೇ ಅವನೇ ಹೇಳಿದ, "ಅಣ್ಣಾ, ಆ ನಾಲ್ಕು ದಿನದಲ್ಲೇ ಅಲ್ವಾ ನನ್ನ ತಿಂಗಳ ಕಂತು ಬರೋದು."

ಸಿಎನ್‌ಜಿ ಗಾಡಿ ಬುಕ್ ಮಾಡಿದ್ದಾನೆ. ದನದ ಕೊಟ್ಟಿಗೆ ಗೋಡೆಗೆ 16 ಆಂಪಿಯರ್ ಸಾಕೆಟ್ಟಿನ ವೈರನ್ನೂ ಎಳೆಸಿಟ್ಟಿದ್ದಾನೆ, ಮುಂದಿನ ಗಾಡಿಗೆ.